ಗೋಡೆಯೊಳಗಿನ ಮಂಚ

"ನಮ್ಮ ಮನೆಗೆ ಆನೇನೇ ನೆಂಟರಾಗಿ ಬರಲಿ ಸ್ವಾಮಿ. ಮಲಗೋಕೆ ಜಾಗ ಕೊಡ್ತೀನಿ, ಸೊಂಡಿಲು ಇಟ್ಕೊಳ್ಳೋಕೆ ಗೋಡೇಲಿ ಒಂದು ಗೂಡನ್ನೂ ಮಾಡಿಕೊಡ್ತೀನಿ."

ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಕೀಲು ಮೇಸ್ತ್ರಿ ಹೀಗೆ ಹೇಳಿದಾಗ ಅಲ್ಲಿದ್ದ ಒಬ್ಬರೂ ನಗಲಿಲ್ಲ. ಮಾತನ್ನು ನಂಬಿದರೆಂದಲ್ಲ. ನಕ್ಕರೆ ಅವನು ರಟ್ಟೆ ಹಿಡಿದು ಮನೆಗೆ ಎಳೆದೊಯ್ದು ತೋರಿಸುತ್ತಾನೆ ಎಂಬ ಭಯ. ಅವನು ತೋರಿಸಲು ನಿಂತರೆ, ಬೆಳಿಗ್ಗೆ ಗಡ್ಡ ಹೆರೆದುಕೊಂಡು ಹೋದವನು ಮತ್ತೆ ಗಡ್ಡ ಬಿಟ್ಟುಕೊಂಡು ಹೊರಗೆ ಬರುತ್ತಿದ್ದ. ನಾನು ಅವನ ಎದುರುಮನೆಯವನು. ಅವನ ಮನೆಯನ್ನು ಅವನಿಗಿಂತ ಹೆಚ್ಚು ನೋಡಿದವನು ನಾನೇ ಎನ್ನಬೇಕು. ಏಕೆಂದರೆ ತೋರಿಸುವಾಗ ಅವನು ನೋಡುತ್ತಿದ್ದುದು ಮನೆಯನ್ನಲ್ಲ, ನೋಡುವವರ ಮುಖವನ್ನು.

ಹೊಟ್ಟೆಪಾಡಿಗೆ ಅವನು ಬಡಗಿ. ಕೀಲು ಮೇಸ್ತ್ರಿ ಎಂಬ ಹೆಸರು ಬಂದದ್ದು ಅವನು ಕೀಲು ಹಾಕದೆ ಯಾವ ಹಲಗೆಯನ್ನೂ ಸುಮ್ಮನೆ ಬಿಡುತ್ತಿರಲಿಲ್ಲವಾದ್ದರಿಂದ. ಮಡಚಬೇಕು, ಜಾರಬೇಕು, ಒಂದರೊಳಗೊಂದು ಹೋಗಬೇಕು. ಸುಮ್ಮನೆ ನಿಂತ ಮರ ಎಂದರೆ ಅವನಿಗೆ ಕೆಲಸ ಕದಿಯುವ ಕೂಲಿಯಾಳು ಇದ್ದ ಹಾಗೆ. ತಾನು ತಯಾರಿಸಿದ ಏಣಿಯನ್ನು ಅವನು ಛತ್ರಿಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದುದನ್ನು ಈ ಕಣ್ಣುಗಳೇ ಕಂಡಿವೆ. ಮಳೆ ಬಂದ ದಿನ ಅದನ್ನು ಬಿಡಿಸಿ ತಲೆಯ ಮೇಲೆ ಹಿಡಿದಿದ್ದನ್ನು ಮಾತ್ರ ನಾನು ಕಂಡಿಲ್ಲ, ಕೇಳಿದ್ದು.

ಈ ಹುಚ್ಚಿನ ಬೇರು ಅವನ ಚಿಕ್ಕಂದಿನಲ್ಲಿತ್ತು. ಅವನ ಅಪ್ಪನೂ ಬಡಗಿಯೇ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನ ಮನೆಗೆ ಬಾಗಿಲಿನ ಬದಲು ಒಂದು ಪರದೆ. ಆ ಪರದೆಯ ಹಿಂದೆ ಒಂದು ಕೋಣೆ, ಕೋಣೆಯ ತುಂಬ ಮಕ್ಕಳು, ಉಳಿದ ಮೂಲೆಯಲ್ಲಿ ಮರದ ಹೊಟ್ಟು. ಒಂದು ದಿನ ಶಾಲೆಯ ಮೇಷ್ಟ್ರು, ಹುಡುಗ ಚಿತ್ರ ಚೆನ್ನಾಗಿ ಬರೆಯುತ್ತಾನೆಂದು ಹೇಳುವುದಕ್ಕಾಗಿಯೇ ಮನೆಗೆ ಬಂದರಂತೆ. ಕೂರಿಸಲು ಜಾಗವಿರಲಿಲ್ಲ. ಅಪ್ಪ ಅತ್ತಿತ್ತ ನೋಡಿ, ಅರ್ಧ ಮುಗಿದ ಸ್ಟೂಲೊಂದನ್ನು ಮುಂದೆ ತಳ್ಳಿದ. ಅದಕ್ಕೆ ಒಂದು ಕಾಲು ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಒಳ್ಳೆಯವರು, ನಿಂತೇ ಚಹಾ ಕುಡಿದರು, ನಿಂತೇ ಹೊಗಳಿದರು, ಹೋದರು. ಮರುದಿನ ತರಗತಿಯಲ್ಲಿ, ಕರುಣೆಯಿಂದಲೇ, "ನಿಮ್ಮನೇಲಿ ಜಾಗ ಇಲ್ಲ, ಪಾಪ," ಎಂದರು. ಮಕ್ಕಳೆಲ್ಲ ತಿರುಗಿ ನೋಡಿದರು. ಅದೊಂದು 'ಪಾಪ' ಮರದ ಸಿಬಿರಿನ ಹಾಗೆ ಒಳಗೆ ಹೋಗಿ ಕೂತಿತು. ಬೆತ್ತದಲ್ಲಿ ನಾಲ್ಕು ಬಿಟ್ಟಿದ್ದರೆ ಸಂಜೆಗೆ ಮರೆತಿರುತ್ತಿದ್ದೆ ಎಂದು ಮೇಸ್ತ್ರಿ ನನ್ನ ಬಳಿ ಎಷ್ಟೋ ಸಲ ಹೇಳಿದ್ದಾನೆ. ತನ್ನ ಮನೆಗೆ ಬಂದವರು ನಿಂತುಕೊಂಡು ಹೋಗಬಾರದು ಎಂಬುದು ಅಂದಿನಿಂದ ಅವನ ವೇದವಾಯಿತು.

ಮದುವೆಯಾದ ಮೇಲೆ ಅವನಿಗೆ ಸಿಕ್ಕಿದ್ದು ನಮ್ಮ ಬೀದಿಯ ಮಹಡಿಯ ಮೇಲಿನ ಒಂದೂಕಾಲು ಕೋಣೆ. ಒಂದು ಕೋಣೆ, ಕಾಲು ಅಡುಗೆಮನೆ. ಗುಬ್ಬಚ್ಚಿ ಒಳಗೆ ಬಂದರೆ ತಿರುಗಿಕೊಳ್ಳಲು ಹೊರಗೆ ಹೋಗಬೇಕು. ಹಳೆಯ ಲಾರಿಯ ಸ್ಪ್ರಿಂಗುಗಳನ್ನು ತಂದು ಅವನು ಮೊದಲು ಮಾಡಿದ್ದು ಗೋಡೆಯೊಳಗೆ ಹೋಗುವ ಮಂಚ. ಕೆಳಗೆ ಎಳೆದರೆ ಇಬ್ಬರು ಮಲಗಬಹುದು, ಮೇಲೆ ಎತ್ತಿದರೆ ಬರೀ ಗೋಡೆ. ಮೊದಲ ದಿನ ಸ್ಪ್ರಿಂಗ್ ಸ್ವಲ್ಪ ಉತ್ಸಾಹ ತೋರಿಸಿ, ಪರೀಕ್ಷೆಗೆಂದು ಮಲಗಿದ್ದ ಮೇಸ್ತ್ರಿಯನ್ನೂ ಸೇರಿಸಿಕೊಂಡು ಗೋಡೆಯೊಳಗೆ ಹೋಯಿತು. ಹೊಸ ಹೆಂಡತಿ ಚಿಲಕ ಹುಡುಕಿ ಬಿಡಿಸುವ ತನಕ ಅವನು ಒಳಗಿನಿಂದಲೇ, ಗಾಳಿ ಚೆನ್ನಾಗಿ ಆಡ್ತಾ ಇದೆ ಎಂದು ಕೂಗಿ ಹೇಳುತ್ತಿದ್ದನಂತೆ.

ಆಮೇಲೆ ಮಗಳು ಹುಟ್ಟಿದಳು, ತಾಯಿ ಬಂದು ಸೇರಿಕೊಂಡಳು, ಗೋಡೆಗಳಿಗೆ ಒಂದೊಂದಾಗಿ ಕೀಲು ಬಂದವು. ಗೋಡೆಯೊಳಗೆ ಹೋದ ಮಂಚದ ಬೆನ್ನಿನಿಂದಲೇ ಊಟದ ಮೇಜು ಇಳಿಯುತ್ತಿತ್ತು. ಅಟ್ಟಕ್ಕೆ ಹೋಗುವ ಮೆಟ್ಟಿಲುಗಳೆಲ್ಲ ಸೆಳೆಖಾನೆಗಳು. ಬೇಳೆ ಬೇಕೆಂದರೆ ಇಂಥ ಮೆಟ್ಟಿಲು, ಸೂಜಿದಾರ ಬೇಕೆಂದರೆ ಇಂಥ ಮೆಟ್ಟಿಲು. ಅಟ್ಟದಲ್ಲಿ ರಾತ್ರಿ ಮಗಳು, ಹಗಲು ಮನೆಯ ಹಾಸಿಗೆ ಹೊದಿಕೆಗಳೆಲ್ಲ. ಕಿಟಕಿಯ ಕೆಳಗಿನ ಪೆಟ್ಟಿಗೆ ಹಗಲು ತಾಯಿಗೆ ಕೂರುವ ಪೀಠ, ರಾತ್ರಿ ಮುಂದಕ್ಕೆ ಎಳೆದರೆ ಮಲಗುವ ಹಲಗೆ. ಮೇಸ್ತ್ರಿಯ ಮನೆಗೆ ಬಂದ ವಿಮೆಯವನೊಬ್ಬ ದಣಿವಾಗಿ ಗೋಡೆಗೆ ಒರಗಿದಾಗ ಬೆನ್ನ ಹಿಂದಿನಿಂದ ಇಸ್ತ್ರಿ ಹಲಗೆ ಬಂದು ಅವನನ್ನು ಮೆಲ್ಲಗೆ ಮುಂದಕ್ಕೆ ತಳ್ಳಿತು. ಅವನು ಗೋಡೆಗೆ 'ಕ್ಷಮಿಸಿ' ಎಂದ. ಸಾಕಿದ್ದ ಬೆಕ್ಕು, ಬೆಳಿಗ್ಗೆ ಮಲಗಿದ್ದ ಜಾಗ ಮಧ್ಯಾಹ್ನ ಸಿಗುವುದಿಲ್ಲವೆಂದು ಬೇಸತ್ತು ನಮ್ಮ ಮನೆಗೆ ಬಂದುಬಿಟ್ಟಿತು.

ನಗೆಯ ಮಾತು ಹಾಗಿರಲಿ, ಅವನ ಬುದ್ಧಿ ದೊಡ್ಡದು. ಬೇರೆ ಬಡಗಿಗಳು ಗಿರಾಕಿಯ ಮನೆಗೆ ಹೋದರೆ ಮೊದಲು ಟೇಪು ಎಳೆಯುತ್ತಾರೆ. ಇವನು ಟೇಪನ್ನು ಜೇಬಿನಲ್ಲೇ ಇಟ್ಟುಕೊಂಡು, ಬೆಳಿಗ್ಗೆ ಯಾರು ಎಷ್ಟು ಹೊತ್ತಿಗೆ ಏಳುತ್ತೀರಿ, ಎಷ್ಟು ಹೊತ್ತಿಗೆ ಉಣ್ಣುತ್ತೀರಿ, ಓದುವುದು ಯಾವಾಗ, ಜಗಳ ಯಾವಾಗ ಎಂದು ಕೇಳುತ್ತಿದ್ದ.

"ಜಾಗ ಅನ್ನೋದು ಅಳತೆ ಅಲ್ಲ ಸ್ವಾಮಿ, ಹೊತ್ತು," ಎನ್ನುತ್ತಿದ್ದ. "ಉಣ್ಣುವಾಗ ಮಲಗ್ತೀರಾ? ಮಲಗಿದಾಗ ಉಣ್ತೀರಾ? ಮತ್ತೆ ಮಂಚ, ಮೇಜು ಎರಡೂ ಒಟ್ಟಿಗೆ ಯಾಕೆ ನಿಮ್ಮನೆ ತಿನ್ನಬೇಕು?"

ಹೀಗೆ ಮನೆಯವರ ಒಂದು ದಿನವನ್ನು ತುಂಡು ತುಂಡಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಗೋಡೆಯಿಂದ ಒಂದೊಂದು ಹಲಗೆ ಇಳಿಸುತ್ತಿದ್ದ. ಅವನ ಮನೆಯ ಮಂಚ ಇಳಿದರೆ ಅದರ ಅಂಚು ಅಡುಗೆಮನೆಯ ಬಾಗಿಲಿಗೆ ಒತ್ತಿ ನಿಲ್ಲುತ್ತಿತ್ತು; ಬಾಗಿಲು ತೆರೆಯುತ್ತಿರಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಏನು ಕೆಲಸ, ತೆರೆಯದಿದ್ದರೇನು, ಎಂದು ಅವನ ವಾದ. ಸರಿಯಾದ ವಾದವೇ.

ಮನೆಯೇ ಅವನ ಮಾದರಿ ಅಂಗಡಿಯಾದ್ದರಿಂದ ಗಿರಾಕಿಗಳು ಯಾವ ಹೊತ್ತಿಗೂ ನೋಡಲು ಬರುತ್ತಿದ್ದರು. ಹಾಗಾಗಿ ಮಗಳು ಕಾಲೇಜಿಗೆ ಹೋದ ಕೂಡಲೇ ಮಂಚ ಗೋಡೆಯೊಳಗೆ, ಹಾಸಿಗೆ ಅಟ್ಟಕ್ಕೆ, ನೆಲ ಗುಡಿಸಿ ಖಾಲಿ. ಇದೆಲ್ಲ ಹೆಂಡತಿಯ ಕೆಲಸ. ಮೊದಲು ಕೊಂಡಿ, ಆಮೇಲೆ ಚಿಲಕ, ಆಮೇಲೆ ಮೊಣಕಾಲಿನಿಂದ ಒಂದು ಒತ್ತು. ಆ ಕ್ರಮ ಅವಳ ಮೈಗೆ ಬಂದುಬಿಟ್ಟಿತ್ತು. ಬಂದವರಿಗೆ ಗೋಡೆಯಿಂದ ಕುರ್ಚಿ ಇಳಿಸಿಕೊಟ್ಟು ತಾನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಲ್ಲುತ್ತಿದ್ದಳು. ಉಳಿದ ನೆಲವೆಂದರೆ ಬಾಗಿಲಿನಿಂದ ಕಿಟಕಿಯವರೆಗಿನ ಒಂದು ಪಟ್ಟಿ. ಅಲ್ಲಿ ಮೈಚಾಚಿದರೆ ಅತ್ತೆಯ ಊರುಗೋಲು ಮೊದಲು ಹೊಟ್ಟೆಯ ಮೇಲೆ, ಆಮೇಲೆ ನೆಲದ ಮೇಲೆ.

ಹೀಗಿರುವಾಗ ಒಬ್ಬ ಬಿಲ್ಡರ್ ಬಂದ. ಪೇಟೆಯ ಆಚೆ ಸಣ್ಣ ಸಣ್ಣ ಮನೆಗಳಿರುವ ದೊಡ್ಡ ಕಟ್ಟಡ ಎಬ್ಬಿಸುತ್ತಿದ್ದವನು. ಅವನ ಅಕ್ಕನೂ ವ್ಯವಹಾರದಲ್ಲಿ ಪಾಲುಗಾರ್ತಿ. ಇಬ್ಬರೂ ಬಂದು ಮೇಸ್ತ್ರಿಯ ಮನೆ ನೋಡಿ ಒಪ್ಪಿದರೆ ಆ ಕಟ್ಟಡದ ಮನೆಮನೆಗೂ ಅವನ ಗೋಡೆಗಳೇ. ಅಷ್ಟೇ ಅಲ್ಲ, ಕಟ್ಟಡದ ಮುಂಬಾಗಿಲಲ್ಲಿ 'ಒಳವಿನ್ಯಾಸ' ಎಂದು ಬರೆದು ಕೆಳಗೆ ಮೇಸ್ತ್ರಿಯ ಹೆಸರು ಕೆತ್ತಿಸುವುದಾಗಿ ಬಿಲ್ಡರ್ ಮಾತು ಕೊಟ್ಟಿದ್ದ. ಬಡಗಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದು ಯಾರಾದರೂ ಕಂಡಿದ್ದೀರಾ? ಮೇಸ್ತ್ರಿ ಆ ವಾರವೆಲ್ಲ ನೆಲದ ಮೇಲೆ ನಡೆದದ್ದನ್ನು ನಾನು ಕಾಣೆ. ಸೊಂಡಿಲಿನ ಗೂಡಿನ ಮಾತು ಹುಟ್ಟಿದ್ದೂ ಆ ವಾರವೇ.

ಅವರು ಬರುವ ಬೆಳಿಗ್ಗೆ ಮೇಸ್ತ್ರಿ ನನಗೆ ಹೇಳಿ ಕಳಿಸಿದ. ಗೋಡೆಯಿಂದ ಕುರ್ಚಿ ಇಳಿಸಿದಾಗ ಅದರ ಮೇಲೆ ಕುಳಿತು ತೋರಿಸಲು ಭಾರದ ಆಳೊಬ್ಬ ಬೇಕಿತ್ತಂತೆ. ಹೋಗಿ ನೋಡಿದರೆ ಮಂಚ ಇನ್ನೂ ಕೆಳಗೇ ಇದೆ. ಅದರ ಮೇಲೆ ಅವನ ಹೆಂಡತಿ, ಕತ್ತಿನ ತನಕ ಕಂಬಳಿ ಹೊದ್ದು, ಕಣ್ಣು ಕೆಂಪು ಮಾಡಿಕೊಂಡು ಮಲಗಿದ್ದಾಳೆ. ಹಿಂದಿನ ಸಂಜೆಯಿಂದ ಜ್ವರ. ಮೇಸ್ತ್ರಿ ಮಂಚಕ್ಕೂ ಗೋಡೆಗೂ ನಡುವೆ ಉಳಿದ ಒಂದು ಗೇಣು ಜಾಗದಲ್ಲಿ ಅಡ್ಡಡ್ಡ ನಡೆಯುತ್ತಿದ್ದ.

"ಏನೇ," ಎಂದ ಕೊನೆಗೆ. "ಅವರು ಬಂದು ಹೋಗೋ ತನಕ ಸ್ವಲ್ಪ ಎದ್ದು ಕೂತ್ಕೋತೀಯಾ?"

"ಎಲ್ಲಿ ಕೂತ್ಕೊಳ್ಲಿ?" ಎಂದು ಕೇಳಿದಳು.

ಕುಹಕವಲ್ಲ, ನಿಜವಾಗಿ ಕೇಳಿದಳು. ಮೇಸ್ತ್ರಿ ಕೋಣೆಯನ್ನೆಲ್ಲ ನೋಡಿದ. ಕಿಟಕಿಯ ಪೀಠದಲ್ಲಿ ತಾಯಿ ಇದ್ದಳು. ಗೋಡೆಯ ಕುರ್ಚಿಗಳನ್ನು ಬಂದವರ ಮುಂದೆಯೇ ಇಳಿಸಿ ತೋರಿಸಬೇಕು, ಮೊದಲೇ ಇಳಿದಿದ್ದರೆ ಏನು ಚಂದ? ಅವನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದಳು. ಗೋಡೆ ಹಿಡಿದುಕೊಂಡು ನಿಂತು ಕಂಬಳಿ ಮಡಚಿದಳು. ಮೊದಲು ಕೊಂಡಿ, ಆಮೇಲೆ ಚಿಲಕ, ಆಮೇಲೆ ಮೊಣಕಾಲಿನ ಒತ್ತು. ನಾವಿಬ್ಬರು ಗಂಡಸರು ನೋಡುತ್ತಿರುವಂತೆಯೇ ಮಂಚ ಉಸ್ಸೆಂದು ಗೋಡೆಯೊಳಗೆ ಹೋಯಿತು. ಕೆಳಗೆ ಹೋಗಿರುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದಳು. ಔಷಧಿಯಂಗಡಿಗೆ ಹೊರಟಳೆಂದುಕೊಂಡು ಮೇಸ್ತ್ರಿ, "ಹುಷಾರು," ಎಂದ. ಅವನ ಭುಜ ಸಡಿಲವಾದದ್ದು ನನಗೆ ಕಂಡಿತು.

ಬಿಲ್ಡರೂ ಅಕ್ಕನೂ ಬಂದರು. ಮೇಸ್ತ್ರಿ ಆ ದಿನ ತೋರಿಸಿದ ಹಾಗೆ ಹಿಂದೆಂದೂ ತೋರಿಸಿರಲಿಲ್ಲ. ಮೇಜು ಇಳಿಯಿತು, ಕುರ್ಚಿಗಳು ಇಳಿದವು, ಒಂದರ ಮೇಲೆ ನಾನು ಇಳಿದೆ, ಮೆಟ್ಟಿಲುಗಳು ಹೊಟ್ಟೆ ತೆರೆದು ತೋರಿಸಿದವು. ಕನ್ನಡಿಯ ಹಿಂದೆ ಕಪಾಟು, ಕಪಾಟಿನ ಹಿಂದೆ ಇನ್ನೊಂದು ಕಪಾಟು; ಇನ್ನೂ ಒಂದು ಬಾಗಿಲು ತೆರೆದಿದ್ದರೆ ಪಕ್ಕದ ಮನೆಯವರ ಅಡುಗೆ ಕಾಣುತ್ತಿತ್ತು. ಬಿಲ್ಡರ್ ಪ್ರತಿಯೊಂದನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಂಡ. ಎಲ್ಲ ಮುಗಿದು ಮಂಚವನ್ನು ಎಳೆದು ತೋರಿಸುವಾಗ ಅದರ ಅಂಚು ಅಡುಗೆಮನೆಯ ಬಾಗಿಲಿಗೆ ಒತ್ತಿದ್ದನ್ನು ಅಕ್ಕ ನೋಡಿ, ಮನೆಯಾಕೆ ಎಲ್ಲಿ ಎಂದು ವಿಚಾರಿಸಿದಳು. ಹೊರಗೆ ಹೋಗಿದ್ದಾಳೆ ಎಂದ ಮೇಸ್ತ್ರಿ.

"ಅಲ್ಲ ಮೇಸ್ತ್ರಿಗಳೇ, ಮನೇಲಿ ಯಾರಿಗಾದ್ರೂ ಮೈ ಹುಷಾರಿಲ್ಲ ಅಂತ ಇಟ್ಕೊಳ್ಳಿ. ಹಗಲು ಹೊತ್ತು ಎಲ್ಲಿ ಮಲಗ್ತಾರೆ?"

ಮೇಸ್ತ್ರಿ ನಗುತ್ತಲೇ ಮಂಚ ತಟ್ಟಿದ. ಇದಿದೆಯಲ್ಲ ಎಂಬಂತೆ. ಆಮೇಲೆ ಅವನ ಕಣ್ಣು ಮಂಚದ ಅಂಚಿಗೆ ಹೋಯಿತು, ಅಲ್ಲಿಂದ ಅಡುಗೆಮನೆಯ ಬಾಗಿಲಿಗೆ ಹೋಯಿತು, ಅಲ್ಲೇ ನಿಂತಿತು. ಊರಿನವರ ದಿನವನ್ನೆಲ್ಲ ತುಂಡು ಮಾಡಿ ಜೋಡಿಸಿದ ತಲೆ ಅದು. ಜ್ವರಕ್ಕೆ ಯಾವ ಹೊತ್ತು ಎಂದು ಅದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಅವನ ತಾಯಿಗೆ ಕಿವಿ ಮಂದ. ಬೆಳಿಗ್ಗೆ ಊಟಕ್ಕೆ ಕರೆದರೆ ಸಂಜೆ ಓಗೊಡುವ ಮುದುಕಿ. ಆದರೆ ಕೇಳಿಸಬಾರದ ಮಾತು ಮಾತ್ರ ಆಕೆಗೆ ಗಂಟೆ ಬಾರಿಸಿದಂತೆ ಕೇಳಿಸುತ್ತಿತ್ತು. ಕಿಟಕಿಯ ಬಳಿಯಿಂದ ಬಲು ಸಂತೋಷವಾಗಿ ಹೇಳಿದಳು:

"ನಮ್ ಸೊಸೆ ಹುಷಾರಿಲ್ದಾಗೆಲ್ಲ ಕೆಳಗೆ ಹೊಲಿಗೆ ಅಂಗಡೀಲೇ ಮಲಗ್ತಾಳಮ್ಮ. ಈಗ್ಲೂ ಅಲ್ಲೇ ಇರ್ತಾಳೆ ನೋಡು."

ಬಿಲ್ಡರ್ ನಕ್ಕ. ಅಕ್ಕ ನಗಲಿಲ್ಲ. ಮೇಸ್ತ್ರಿಯ ಮುಖ ಕಿವಿಯಿಂದ ಶುರುವಾಗಿ ಕುತ್ತಿಗೆಯ ತನಕ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ ಎನ್ನುತ್ತಾರಲ್ಲ, ಆ ಸ್ಥಿತಿ. ಏನೆಲ್ಲ ಹೊರಗೆ ಬರುತ್ತಿದ್ದ ಆ ಗೋಡೆಗಳಲ್ಲಿ ಒಬ್ಬ ಮನುಷ್ಯ ಒಳಗೆ ಹೋಗಿ ಅವಿತುಕೊಳ್ಳಲು ಒಂದು ಬಿರುಕೂ ಇರಲಿಲ್ಲ.

ಹೊಲಿಗೆ ಅಂಗಡಿ ಇದ್ದದ್ದು ಮೆಟ್ಟಿಲ ಬುಡದಲ್ಲೇ. ಬೀದಿಗೆ ಹೋಗುವವರು ಅದರ ಮುಂದೆಯೇ ಹಾದು ಹೋಗಬೇಕು. ಬಿಲ್ಡರ್ ಫೋನು ಹಿಡಿದು ಮುಂದೆ ನಡೆದ. ಅಕ್ಕ ನಿಂತಳು. ಅವಳು ನಿಂತದ್ದರಿಂದ ಮೇಸ್ತ್ರಿಯೂ ನಿಲ್ಲಬೇಕಾಯಿತು, ಅವನ ಹಿಂದೆ ನಾನು.

ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಅವನ ಹೆಂಡತಿ ಮಲಗಿದ್ದಳು. ಮೈಮೇಲೆ ಯಾರದೋ ಮನೆಗೆ ಹೊಲಿಯಬೇಕಿದ್ದ ಕಿಟಕಿ ಪರದೆ, ಅದರ ಮೇಲೆ ಸೀಮೆಸುಣ್ಣದ ಗೆರೆಗಳು. ತಲೆಯ ಕೆಳಗೆ ಚೂರು ಬಟ್ಟೆ ತುಂಬಿದ ಒಂದು ಚೀಲ. ಆ ಚೀಲದ ನಡುವೆ ತಲೆ ಕೂರುವಷ್ಟು ಒಂದು ಗುಳಿ ಬಿದ್ದಿತ್ತು. ಒಂದು ದಿನದ ತಲೆಗೆ ಬೀಳುವ ಗುಳಿಯಲ್ಲ ಅದು. ಅಂಗಡಿಯ ಒಡತಿ, ನಾವೆಲ್ಲ ಹೊಲಿಗೆಯಕ್ಕ ಎನ್ನುವ ಹೆಂಗಸು, ತನ್ನ ಮೇಜು ಖಾಲಿಯಿಲ್ಲದ್ದರಿಂದ ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸುತ್ತಿದ್ದಳು. ಬಿಲ್ಡರಿನ ಅಕ್ಕ ಒಳಗೆ ಹೋಗಿ ಮಲಗಿದ್ದವಳ ಹಣೆ ಮುಟ್ಟಿ ನೋಡಿದಳು. ಮೇಸ್ತ್ರಿ ಹೊಸ್ತಿಲಲ್ಲೇ ಉಳಿದ.

ಆ ಮೇಜನ್ನು ಮಾಡಿಕೊಟ್ಟವನು ಅವನೇ. ಮಡಚುವ ಮೇಜು ಬೇಡ, ಅಲ್ಲಾಡದ ನಾಲ್ಕು ಕಾಲು ಸಾಕು ಎಂದು ಹೊಲಿಗೆಯಕ್ಕ ಹಟ ಹಿಡಿದಾಗ, ಇಂಥದನ್ನು ನಾನು ಮಾಡಿದೆ ಅಂತ ಯಾರಿಗೂ ಹೇಳಬೇಡಿ, ನನಗೆ ನಾಚಿಕೆ ಎಂದು ಅವನು ಚಹಾದಂಗಡಿಯಲ್ಲಿ ಹಾಸ್ಯ ಮಾಡಿದ್ದ.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದ.

ಹೊಲಿಗೆಯಕ್ಕ ಕತ್ತರಿ ಕೆಳಗಿಟ್ಟು ಅವನನ್ನೇ ನೋಡಿದಳು. "ಏನ್ ಮೇಸ್ತ್ರಿ ಹೀಗ್ ಕೇಳ್ತೀರಿ? ನಿಮ್ಮಮ್ಮ ಬಂದಾಗಿಂದ ಇಲ್ಲೇ ಅಲ್ವಾ? ತಲೆನೋವು ಬಂದ್ರೂ ಇಲ್ಲೇ, ಸೊಂಟ ಹಿಡಿದ್ರೂ ಇಲ್ಲೇ. ನೀವೇ ಕಳಿಸ್ತೀರಿ ಅಂದ್ಕೊಂಡಿದ್ದೆ ನಾನು."

ಇದಕ್ಕಿಂತ ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೀದಿಗೆಲ್ಲ ಗೊತ್ತಿದ್ದ ಸಂಗತಿ ಗಂಡನೊಬ್ಬನಿಗೆ ಗೊತ್ತಿರಲಿಲ್ಲ; ಗೊತ್ತಿದ್ದೂ ಕಳಿಸುತ್ತಾನೆಂದು ಬೀದಿ ತಿಳಿದಿತ್ತು. ಎರಡರಲ್ಲಿ ಯಾವುದನ್ನು ಒಪ್ಪಿಕೊಂಡರೂ ಮಾನ ಹೋಗುವುದೇ. ಅವನು ಯಾವುದನ್ನೂ ಒಪ್ಪಿಕೊಳ್ಳದೆ ಕೈಯಲ್ಲಿದ್ದ ಟೇಪನ್ನು ಎಳೆಯುತ್ತ ಬಿಡುತ್ತ ನಿಂತಿದ್ದ.

ಹೆಂಡತಿಯನ್ನು ಮೇಲೆ ಕರೆದುಕೊಂಡು ಬಂದ. ಮಂಚ ಇಳಿಸಿದ. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು. ಬಿಸಿನೀರು ಬೇಕಾದಾಗಲೆಲ್ಲ ನಮ್ಮ ಮನೆಗೆ ಓಡಿ ಬಂದ. ಪಾತ್ರೆ ಚಾಚುವಾಗ ಅವನು ನನ್ನ ಹೆಂಡತಿಯ ಮುಖ ನೋಡುತ್ತಿರಲಿಲ್ಲ, ಪಾತ್ರೆಯ ತಳ ನೋಡುತ್ತಿದ್ದ. ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಹೆಂಡತಿಯನ್ನು ಕೇಳಿದನಂತೆ. ಅವಳು ಕೊಟ್ಟ ಉತ್ತರವನ್ನು ಅವನೇ ನನಗೆ ಹೇಳಿದ. ಹೇಳುವಾಗ ನಮ್ಮ ಬಾಗಿಲ ಕೀಲನ್ನು ಬೆರಳಲ್ಲಿ ಉಜ್ಜುತ್ತ ನಿಂತಿದ್ದ.

"ಹೇಳಿದ್ರೆ ನೀವು ಅದಕ್ಕೂ ಏನಾದ್ರೂ ಮಾಡ್ತಿದ್ರಿ. ಅದೂ ಎಲ್ಲಿಂದಲೋ ಹೊರಗೆ ಬರ್ತಿತ್ತು. ಜ್ವರ ಬಿಟ್ಟು ಎದ್ದ ಮೇಲೆ ಅದನ್ನೂ ನಾನೇ ಮಡಚಬೇಕಿತ್ತಲ್ಲ."

ಆಮೇಲಿನ ದಿನಗಳಲ್ಲಿ ಮೇಸ್ತ್ರಿ ತನ್ನ ಮರಗೆಲಸದ ಶೆಡ್ಡಿಗೆ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ಹಿಂದಿನ ಓಣಿಯಿಂದ ಹೋಗತೊಡಗಿದ. ಆ ಓಣಿಯಲ್ಲಿ ಚರಂಡಿ ಇದೆ, ನಾಯಿಗಳಿವೆ, ಹೊಲಿಗೆ ಅಂಗಡಿಯೂ ಚಹಾದಂಗಡಿಯೂ ಇಲ್ಲ. ಒಮ್ಮೆ ತಪ್ಪಿ ಮುಂದಿನ ಬೀದಿಗೆ ಬಂದಾಗ ಬೆಂಚಿನ ಮೇಲಿದ್ದ ಒಬ್ಬ, "ಮೇಸ್ತ್ರಿ, ಆನೆ ಬಂದಿದೆಯಂತೆ. ಹೊಲಿಗೆ ಅಂಗಡೀಲಿ ಜಾಗ ಇದ್ಯಾ ಕೇಳಿ ನೋಡಿ," ಎಂದ. ಬೆಂಚು ಇಡೀ ನಕ್ಕಿತು. ಬೇರೆ ದಿನವಾಗಿದ್ದರೆ ಅಂಥವನನ್ನು ಮೇಸ್ತ್ರಿ ಮಾತಿನಲ್ಲೇ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅಂದು ತಲೆ ತಗ್ಗಿಸಿ, ಹೌದು ಎಂಬಂತೆ ಕುತ್ತಿಗೆ ಆಡಿಸಿ ಹೋದ. ನಕ್ಕವರ ನಗು ಅರ್ಧಕ್ಕೇ ನಿಂತಿತು.

ಇತ್ತ ಬಿಲ್ಡರ್ ಒಪ್ಪಿಗೆ ಕಳಿಸಿಬಿಟ್ಟ. ಅವನಿಗೆ ಮನೆ ಬಲು ಹಿಡಿಸಿತ್ತು. ಮೇಸ್ತ್ರಿ ಕುಣಿಯುತ್ತಾನೆಂದು ನಾನೆಣಿಸಿದರೆ, ಅವನು ನನ್ನನ್ನೂ ಎಳೆದುಕೊಂಡು ಕಟ್ಟಡದ ಬಳಿಗೆ ಹೋಗಿ, ಇಟ್ಟಿಗೆ ರಾಶಿಯ ನಡುವೆ ನಿಂತು, ಒಂದೊಂದು ಮನೆಯಲ್ಲೂ ಹಗಲು ಮಲಗಲು ಒಂದಾಳುದ್ದ ಜಾಗ ಬಿಡಬೇಕು, ಅದರ ಮೇಲೆ ಏನೂ ಇಳಿಯಬಾರದು, ಯಾವ ಬಾಗಿಲೂ ಅದಕ್ಕೆ ತಾಗಬಾರದು ಎಂದ. ಅಷ್ಟು ಜಾಗ ಬಿಟ್ಟರೆ ಮಹಡಿಗೊಂದು ಮನೆ ಕಡಿಮೆಯಾಗುತ್ತದೆ ಎಂದು ಬಿಲ್ಡರ್ ತಿಳಿಸಿ ಹೇಳಿದ. ಆಮೇಲೆ ಮೇಸ್ತ್ರಿಯ ಬೆನ್ನು ತಟ್ಟಿ, "ಮನೆ ನೋಡೋಕೆ ಬರೋರು ಯಾವತ್ತೂ ಆರೋಗ್ಯವಾಗೇ ಬರ್ತಾರೆ ಮೇಸ್ತ್ರಿ," ಎಂದ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮೇಸ್ತ್ರಿಯ ಮನೆಗೆ ಬಂದವರೂ ಆರೋಗ್ಯವಾಗಿಯೇ ಬಂದಿದ್ದರು.

ಇವನು ಆಗುವುದಿಲ್ಲ ಎಂದ. ಧೀರನಂತೆ ಎದೆಯುಬ್ಬಿಸಿ ಹೇಳಲಿಲ್ಲ. ಅಳುಕುತ್ತ, ಕ್ಷಮೆ ಕೇಳುವವನ ಹಾಗೆ ಹೇಳಿದ. ಬಿಲ್ಡರ್ ತನ್ನ ಫೋನಿನ ಚಿತ್ರಗಳನ್ನು ಇನ್ನೊಬ್ಬ ಬಡಗಿಗೆ ತೋರಿಸಿ ಕೆಲಸ ಮಾಡಿಸಿಕೊಂಡ. ಕಟ್ಟಡದ ಮುಂಬಾಗಿಲಲ್ಲಿ ಈಗ ಬಿಲ್ಡರಿನ ಹೆಸರೊಂದೇ ಇದೆ. ಬೀದಿಯವರು, ಬಿಲ್ಡರೇ ಇವನನ್ನು ಬೇಡವೆಂದನಂತೆ, ಹೆಂಡತಿಯನ್ನು ಹೊಲಿಗೆ ಅಂಗಡೀಲಿ ಮಲಗಿಸಿದ್ದು ಗೊತ್ತಾಗಿ ಬಿಟ್ಟನಂತೆ ಎಂದು ಮಾತಾಡಿಕೊಂಡರು. ನಾನು ಹೋಗಿ ನಿಜ ಹೇಳುತ್ತೇನೆಂದು ಹೊರಟರೆ ಮೇಸ್ತ್ರಿ ಕೈ ಹಿಡಿದು ತಡೆದ. ಹಾಗೇ ಇರಲಿ ಬಿಡಿ ಎಂದ.

ಇನ್ನು ಮನೆಯ ಮಂಚ. ಗೋಡೆಯಿಂದ ಅದನ್ನು ಕಿತ್ತು ಹಾಕಿದ ದಿನ ಲಾರಿಯ ಸ್ಪ್ರಿಂಗುಗಳು ಎಷ್ಟೋ ವರ್ಷದ ಕೋಪ ತೀರಿಸಿಕೊಂಡವು; ಅವುಗಳಲ್ಲೊಂದು ಕಿಟಕಿಯಿಂದ ಹಾರಿ ನಮ್ಮ ಅಂಗಳದ ಹೂಕುಂಡಕ್ಕೆ ಬಂದು ಬಿತ್ತು. ಹೊಸ ಮಂಚಕ್ಕೆ ಮರ ಕೊಯ್ಯಲು ಕುಳಿತಾಗ ಮೇಸ್ತ್ರಿಗೆ ಇನ್ನೊಂದು ನಾಚಿಕೆ ಕಾದಿತ್ತು. ಹೆಂಡತಿಯ ಕೈ ಎಷ್ಟೆತ್ತರಕ್ಕೆ ಎಟಕುತ್ತದೆಂದು ಅವನಿಗೆ ಕೂದಲೆಳೆಯಷ್ಟು ಸರಿಯಾಗಿ ಗೊತ್ತಿತ್ತು. ಮನೆಯ ಕಪಾಟುಗಳೆಲ್ಲ ಆ ಅಳತೆಯಲ್ಲೇ ಇದ್ದವು. ಮೊಣಕೈ ಎತ್ತರ ಗೊತ್ತಿತ್ತು, ಒಲೆಯ ಕಟ್ಟೆ ಆ ಎತ್ತರಕ್ಕಿತ್ತು. ನಿಂತ ಹೆಂಡತಿಯ ಅಳತೆಯೆಲ್ಲ ಬಾಯಿಪಾಠ. ಮಗ್ಗುಲಾಗಿ, ಕಾಲು ಸ್ವಲ್ಪ ಮಡಚಿ, ಒಂದು ಕೈ ಚಾಚಿ ನೆಮ್ಮದಿಯಾಗಿ ಮಲಗಿದರೆ ಅವಳಿಗೆ ಎಷ್ಟು ಬೇಕು ಎಂದು ಗೊತ್ತಿರಲಿಲ್ಲ. ರಾತ್ರಿಯ ಮಂಚವನ್ನು ಅವನು ಅಳೆದದ್ದು ಗೋಡೆಗೆ ಹೊಂದುವ ಹಾಗೆ, ಅವಳಿಗೆ ಹೊಂದುವ ಹಾಗಲ್ಲ.

ಟೇಪು ಹಿಡಿದು, ಒಂದಿಷ್ಟು ಮಲಗಿ ತೋರಿಸು ಎಂದು ಅವಳನ್ನು ಕೇಳಿದ. ಅಷ್ಟು ಹೊತ್ತಿಗೆ ಗುಣವಾಗಿ ಓಡಾಡುತ್ತಿದ್ದವಳು ಬಾಗಿಲ ಚೌಕಟ್ಟಿಗೆ ಆನಿಕೊಂಡೇ ನಕ್ಕಳು.

"ಹೊಲಿಗೆಯಕ್ಕನ್ನ ಕೇಳ್ರಿ. ಅವ್ರಿಗೆ ಗೊತ್ತು."

ಬೈಗುಳವಲ್ಲ, ಸುಮ್ಮನೆ ದಾರಿ ತೋರಿಸಿದಳು. ಮೇಸ್ತ್ರಿ ಮೆಟ್ಟಿಲಿಳಿದು ಹೊಲಿಗೆ ಅಂಗಡಿಯ ಮುಂದೆ ನಿಂತ. ಗುಂಡಿ ಹೊಲಿಸಲು ಬಂದವರು ಹೊಲಿಸಿಕೊಂಡು ಹೋದರು, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರು ಮಾಡಿಸಿಕೊಂಡು ಹೋದರು. ಇವನು ಕಂಬದ ಹಾಗೆ ನಿಂತೇ ಇದ್ದ. ಕೊನೆಗೆ ಒಳಗೆ ಹೋಗಿ, ಏನನ್ನೂ ನೋಡದೆ, ಕೇಳಿದ. ಹೊಲಿಗೆಯಕ್ಕ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ತಲೆ ಎಲ್ಲಿ, ಕಾಲು ಎಲ್ಲಿ, ಚಾಚಿದ ಕೈ ಎಲ್ಲಿಗೆ ಬರುತ್ತದೆ ಎಂದು ಗೆರೆ ಎಳೆದು ತೋರಿಸಿದಳು. ತನ್ನ ಹೆಂಡತಿಯ ಅಳತೆಯನ್ನು ಇನ್ನೊಬ್ಬರ ಅಂಗಡಿಯಲ್ಲಿ ಟೇಪು ಹಿಡಿದು ಬರೆದುಕೊಳ್ಳುವಾಗ ಅವನು ಒಂದೇ ಗೆರೆಯನ್ನು ಮೂರು ಮೂರು ಸಲ ಅಳೆದನೆಂದು ಹೊಲಿಗೆಯಕ್ಕ ನನ್ನ ಹೆಂಡತಿಗೆ ಹೇಳಿದ್ದಾಳೆ. ಬೀದಿಯಲ್ಲಿ ಬೇರೆ ಯಾರಿಗೂ ಹೇಳಿಲ್ಲ. ಅದು ಅವಳ ದೊಡ್ಡತನ.

ಹೊಸ ಮಂಚ ಕೋಣೆಗೆ ಬಂದು ಕೂತ ಮೇಲೆ ಮನೆಯ ಗತಿ ಕೇಳಬೇಡಿ. ದಪ್ಪ ಕಾಲುಗಳ, ಒಂದೂ ಕೀಲಿಲ್ಲದ, ಎಮ್ಮೆಯಂಥ ಮಂಚ. ಮೇಜು ಹಳೆಯ ಮಂಚದ ಬೆನ್ನಿನ ಜೊತೆಗೇ ಹೋಯಿತು. ಅಡುಗೆಮನೆಯ ಬಾಗಿಲಿಗೆ ತಾಗಬಾರದೆಂದು ಹೊಸದನ್ನು ಇನ್ನೊಂದು ಗೋಡೆಗೆ ಸರಿಸಿದ್ದರಿಂದ, ಕುರ್ಚಿಗಳಲ್ಲಿ ಅರ್ಧ ಇಳಿಯುವ ಹಾಗಿಲ್ಲ, ಮೇಸ್ತ್ರಿಯ ತಾಯಿ ಕಿಟಕಿಯಿಂದ ಬಾಗಿಲಿಗೆ ಬರಬೇಕಾದರೆ ಮಂಚ ಹತ್ತಿ ಇಳಿದು ಬರಬೇಕು. ಒಳ್ಳೆ ಮನೇನ ಹಾಳು ಮಾಡ್ದೆ ಮಗಾ ಎಂದು ಮುದುಕಿ ಬೆಳಗಿನಿಂದ ಬೈಗಿನ ತನಕ ಬೈಯುತ್ತಾಳೆ. ಮಗಳು ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾಳೆ. ಯಾರಿಗಾದರೂ ಬೇಳೆ ಬೇಕಾದರೆ ಏಳುತ್ತಾಳೆ. ಮನೆ ನೋಡಲು ಬಂದ ಗಿರಾಕಿಗಳನ್ನು ಮೇಸ್ತ್ರಿ ಕೆಳಗೇ ಮಾತಾಡಿಸಿ ಕಳಿಸುತ್ತಾನೆ.

ಮೊನ್ನೆ ಮಧ್ಯಾಹ್ನ ನಾನು ಹೋದಾಗ ಮೇಸ್ತ್ರಿ ಹೊಸ್ತಿಲ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ಒಳಗೆ ಮಂಚದ ಮೇಲೆ ಅವನ ಹೆಂಡತಿ. ಜ್ವರವಿಲ್ಲ, ತಲೆನೋವಿಲ್ಲ, ಸೊಂಟವೂ ಸರಿಯಿದೆ. ಸುಮ್ಮನೆ, ಒಂದು ಕೈ ಚಾಚಿಕೊಂಡು, ಸೂರು ನೋಡುತ್ತ ಮಲಗಿದ್ದಳು. ನನ್ನನ್ನು ಕಂಡು ಏಳಲು ಹೋದಳು; ಮೇಸ್ತ್ರಿ ತಟ್ಟೆಯಿಂದ ತಲೆಯೆತ್ತದೆಯೇ ಬೇಡವೆಂದು ಕೈ ಆಡಿಸಿದ. ಅವಳು ಸ್ವಲ್ಪ ಹೊತ್ತು ಅವನನ್ನು ನೋಡಿ ಮತ್ತೆ ತಲೆ ಇಟ್ಟಳು.

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಅವನ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತು ಕೇಳಿದೆ: "ಅಲ್ಲ ಮೇಸ್ತ್ರಿ, ನಿನ್ನ ಕೈಯಿಂದ ಬಂದದ್ದು ಅಂದ ಮೇಲೆ ಇದೂ ಏನಾದ್ರೂ ಆಗಲೇಬೇಕಲ್ಲ. ಹಗಲು ಹೊತ್ತು ಈ ಮಂಚ ಏನಾಗುತ್ತೆ?"

ಅವನು ತುತ್ತು ನುಂಗಿ, ನೀರು ಕುಡಿದು, ಬಹಳ ದಿನಗಳ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದ.

"ಮಂಚ ಆಗುತ್ತೆ ಸ್ವಾಮಿ," ಎಂದ.